ಪ್ರೇಮಕ್ಕನ ಸಾಮಾನು, ಮಲ್ಲೇಶಪ್ಪನ ಎಡಗೈ

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಿದ್ದ ಟೈಲರ್ ಪ್ರೇಮಕ್ಕನಿಗೆ ಒಂದು ಹಟವಿತ್ತು. ರವಿಕೆ ಹೊಲಿಸಲು ಬಂದವರು ಅಳತೆಗೆಂದು ಹಳೆ ರವಿಕೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. “ರವಿಕೆ ಹೋದ ವರ್ಷದ್ದು, ನೀನು ಈ ವರ್ಷದವಳು” ಎಂದು ಕೊರಳಲ್ಲಿ ನೇತಾಡುವ ಟೇಪು ತೆಗೆದು ಹೊಸದಾಗಿಯೇ ಅಳೆಯುವಳು. ಹೆಂಗಸರು ನಗುತ್ತ ಬೈಯುವರು, ಆದರೂ ಅಲ್ಲಿಗೇ ಬರುವರು.

ಇಷ್ಟು ಕಟ್ಟುನಿಟ್ಟಿನವಳು ಅಳತೆ ತೆಗೆಯದೆ ಹೊಲಿಯುತ್ತಿದ್ದುದು ಒಬ್ಬರಿಗೆ ಮಾತ್ರ. ಕೆರೆಕಟ್ಟೆಯ ಮಲ್ಲೇಶಪ್ಪನಿಗೆ. ದೀಪಾವಳಿಗೊಂದು ತುಂಬುತೋಳಿನ ಅಂಗಿ. ಬಲತೋಳಿಗಿಂತ ಎಡತೋಳು ಎರಡು ಬೆರಳು ಗಿಡ್ಡ. ಹಾಕಿಕೊಂಡು ಗುಂಡಿ ಹಾಕಿದರೆ ಎರಡೂ ಹೆಚ್ಚುಕಡಿಮೆ ಮಣಿಕಟ್ಟಿಗೇ ಬಂದು ನಿಲ್ಲುತ್ತಿದ್ದವು. ಯಾಕೆ ಹಾಗೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಪ್ರೇಮಕ್ಕ ಹುಟ್ಟಿದ್ದು ಕೆರೆಕಟ್ಟೆಯಲ್ಲೇ. ಮಲ್ಲೇಶಪ್ಪನದು ಪಕ್ಕದ ಮನೆ. ಅವನು ಅವಳಿಗಿಂತ ಹತ್ತು ವರ್ಷಕ್ಕೆ ಹಿರಿಯ, ಗದ್ದೆಯ ಮನುಷ್ಯ, ಮಾತು ಕಡಿಮೆ. ಅವಳು ಶೃಂಗೇರಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ದಿನಗಳಲ್ಲಿ ಸಂಜೆ ಬಸ್ಸು ಬರುವ ಹೊತ್ತಿಗೆ ಬ್ಯಾಟರಿ ಹಿಡಿದು ರಸ್ತೆಗೆ ಬಂದು ನಿಲ್ಲುತ್ತಿದ್ದವನು ಅವನೇ. ಮದುವೆಯ ಮಾತು ಎರಡು ಸಲ ಬಂದು ಮುರಿದ ಮೇಲೆ ಪ್ರೇಮಕ್ಕ ಅದರ ಗೋಜಿಗೆ ಹೋಗಲಿಲ್ಲ. ಸಾಲಕ್ಕೆ ಒಂದು ಕರಿ ಮೆಷಿನ್ ತೆಗೆದುಕೊಂಡಳು. ಊರಲ್ಲಿ ಹೊಲಿಸುವವರು ಕಡಿಮೆ, ಹೊಲಿಸಿದವರು ಕೊಡುವುದು ಅಡಿಕೆ ಮಾರಿದ ಮೇಲೆ. ತೊಂಬತ್ತನಾಲ್ಕರಲ್ಲಿ ಕೊಪ್ಪಕ್ಕೆ ಹೊರಟಳು.

ಆಗ ಸಾಮಾನು ಸಾಗಿಸಲು ಯಾರನ್ನೋ ಗೊತ್ತು ಮಾಡುವುದು ಯಾರ ತಲೆಗೂ ಬರುವ ಮಾತಲ್ಲ. ನಾಟಿಗೆ ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ ಎನ್ನುವ ಮುಯ್ಯಾಳಿನ ಪದ್ಧತಿ ಮನೆ ಬದಲಿಸುವುದಕ್ಕೂ ಇತ್ತು. ಕರೆಯದಿದ್ದರೂ ಬರುತ್ತಿದ್ದರು. ಬೇಡ ಎಂದರೆ ಊಟಕ್ಕೆ ಕೂತವರನ್ನು ಎಬ್ಬಿಸಿದ ಹಾಗೆ. ಯಾರದೋ ಟ್ರ್ಯಾಕ್ಟರು ಸಿಕ್ಕಿತು. ಬಾಡಿಗೆ ಬೇಡ, ಡೀಸೆಲ್ ಹಾಕಿಸಿದರೆ ಸಾಕು ಎಂದರು. ಟ್ರೈಲರಿನಲ್ಲಿ ಹಲಸಿನ ಮರದ ಕಟಿಂಗ್ ಮೇಜು, ಪಾತ್ರೆ, ಹಾಸಿಗೆ, ಮೆಷಿನ್ನು. ಅದರ ಮೇಲೆ ನಾಲ್ಕು ಜನ.

ಇಳಿಜಾರಿನ ಒಂದು ತಿರುವಿನಲ್ಲಿ ಹಗ್ಗ ಸಡಿಲವಾಗಿ ಮೇಜು ಜಾರಿತು. ಅದರ ದಾರಿಯಲ್ಲಿ ಮೆಷಿನ್ನಿತ್ತು. ಮಲ್ಲೇಶಪ್ಪ ಯೋಚಿಸಲಿಲ್ಲ, ಎಡಗೈ ಅಡ್ಡ ಕೊಟ್ಟ. ಮೆಷಿನ್ನಿಗೆ ಒಂದು ಗೀರೂ ಬೀಳಲಿಲ್ಲ. ಮೊಣಕೈ ಕೆಳಗಿನ ಮೂಳೆ ಮೇಜಿಗೂ ಟ್ರೈಲರಿನ ಹಲಗೆಗೂ ನಡುವೆ ಸಿಕ್ಕಿ ಮುರಿಯಿತು.

ಚಿಕಿತ್ಸೆಗೆ ಹೋಗುವ ಮೊದಲೇ ರಸ್ತೆ ಬದಿಯಲ್ಲಿ ಒಂದು ಮಾತುಕತೆ ನಡೆಯಿತು. ಪ್ರೇಮಕ್ಕನಿಗೆ ಕೊನೆವರೆಗೂ ನೆನಪಿನಲ್ಲಿ ಉಳಿದದ್ದು ಮೂಳೆ ಮುರಿದ ಸದ್ದಲ್ಲ, ಆ ಮಾತುಕತೆ. ಟ್ರ್ಯಾಕ್ಟರಿನ ವಿಮೆ ಇದ್ದದ್ದು ಕೃಷಿ ಕೆಲಸಕ್ಕೆ. ಟ್ರೈಲರ್ ಮೇಲೆ ಜನ ಕೂರುವ ಹಾಗೇ ಇಲ್ಲ. ನಿಜ ಹೇಳಿದರೆ ಪರಿಹಾರ ಹಾಗಿರಲಿ, ಉಪಕಾರಕ್ಕೆ ಗಾಡಿ ಕೊಟ್ಟವನ ಮೇಲೆ ಕೇಸು. ಮಲ್ಲೇಶಪ್ಪನೇ ಹಲ್ಲು ಕಚ್ಚಿಕೊಂಡು ಹೇಳಿದ: “ಗದ್ದೆ ಅಂಚಿಂದ ಬಿದ್ದೆ ಅಂದ್ರಾಯ್ತು. ಗದ್ದೆ ಅಂಚಿನ ಮೇಲೆ ಯಾರೂ ಕೇಸು ಹಾಕಲ್ಲ.”

ದೊಡ್ಡಾಸ್ಪತ್ರೆಗೆ ಹೋದರೆ ಹೆಚ್ಚು ಪ್ರಶ್ನೆ ಎಂದು ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿದರು. ಮೂಳೆ ಒಂದರ ಮೇಲೊಂದು ಕೂತು ಕೂಡಿಕೊಂಡಿತು. ಕೈ ಗಿಡ್ಡವಾಯಿತು, ಹಿಡಿತ ಸಡಿಲವಾಯಿತು. ಮಲ್ಲೇಶಪ್ಪ ಬೇಸಿಗೆಯಲ್ಲೂ ತುಂಬುತೋಳು ಹಾಕತೊಡಗಿದ. ಯಾರಾದರೂ ಕೇಳಿದರೆ ಗದ್ದೆ ಅಂಚು. ಹೇಳಿ ಹೇಳಿ ಅದೇ ನಿಜ ಎನ್ನುವಷ್ಟು ಹಳೆಯದಾಯಿತು. ಪ್ರೇಮಕ್ಕ ಒಮ್ಮೆ ಟೇಪು ಹಿಡಿದು ಹತ್ತಿರ ಹೋದಾಗ ಕೈ ಬೆನ್ನ ಹಿಂದೆ ಇಟ್ಟುಕೊಂಡು, “ಕಣ್ಣಳತೆ ಸಾಕು ಮಾರಾಯ್ತಿ” ಎಂದ. ಆಮೇಲೆ ಅವಳು ಕೇಳಲಿಲ್ಲ.

ಎರಡು ಸಾವಿರದ ಏಳರಲ್ಲಿ ಓಣಿಯ ಅಂಗಡಿಸಾಲನ್ನು ಕೆಡವುವುದು ಖಚಿತವಾಯಿತು. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಶಾಲೆ ಸಮವಸ್ತ್ರ ಹೊಲಿಸುವ ಅರ್ಪಣಾ ಎಂಬ ಹಳೆಯ ಗಿರಾಕಿ, ಕಟಿಂಗ್ ನೋಡಿಕೊಳ್ಳಲು ಬರುತ್ತೀರಾ, ಮೆಷಿನ್ನು ಇಡಲು ಜಾಗವಿರುವ ಮನೆಯೂ ಇದೆ ಎಂದು ಕರೆದಳು. ಪ್ರೇಮಕ್ಕ ಒಪ್ಪಿದಳು. ಒಪ್ಪಿದ ದಿನವೇ ಒಂದು ಚಿಂತೆ ಹತ್ತಿತು. ಮಲ್ಲೇಶಪ್ಪನಿಗೆ ಗೊತ್ತಾದರೆ ಹಗ್ಗ ಹಿಡಿದು ಬಂದೇ ಬರುತ್ತಾನೆ. ಬಂದರೆ ಎತ್ತುತ್ತಾನೆ, ಸಾಮಾನಿನ ಮೇಲೆ ಹತ್ತಿ ಕೂರುತ್ತಾನೆ. ಬರಬೇಡ ಎಂದರೆ ಇಷ್ಟು ವರ್ಷದ ಸಂಬಂಧಕ್ಕೆ ಕತ್ತರಿ ಹಾಕಿದ ಹಾಗೆ.

ಓಣಿಯವರು ಹೇಳಿದ್ದು ಸುಲಭದ ದಾರಿ. ಅಡಿಕೆ ಹಾಕಿಕೊಂಡು ಶಿವಮೊಗ್ಗ ಮಂಡಿಗೆ ಹೋಗುವ ಪಿಕಪ್ಪುಗಳು ದಿನಾ ಇರುತ್ತವೆ, ಒಂದರಲ್ಲಿ ತುಂಬಿಸಿ ಕಳಿಸು ಎಂದರು. ಪ್ರೇಮಕ್ಕ ಕೇಳಲಿಲ್ಲ. ಶಿವಮೊಗ್ಗಕ್ಕೆ ಹೋದಾಗ, ಮನೆ ಸಾಮಾನು ಸಾಗಿಸುವ ಒಂದು ಕಂಪನಿಯ ಕಚೇರಿ ಹುಡುಕಿಕೊಂಡು ಹೋದಳು. ಹರಿಹರ ಎಂಬ ಮೇಲ್ವಿಚಾರಕ ಮೇಜಿನ ಹಿಂದೆ ಕೂತಿದ್ದ. ಅವಳು ಲಾರಿಯ ಪರ್ಮಿಟ್ಟು ಕೇಳಿದಳು, ತೋರಿಸಿದ. ಕಂಪನಿಯ ಪರವಾನಗಿ ಕೇಳಿದಳು, ಗೋಡೆಯ ಮೇಲಿದ್ದುದನ್ನು ತೋರಿಸಿದ. ದಾರಿಯಲ್ಲಿ ಸಾಮಾನು ಹಾಳಾದರೆ ಸಿಗುವ ವಿಮೆಯನ್ನು ತಾನೇ ವಿವರಿಸತೊಡಗಿದ.

“ಅದು ಆಮೇಲೆ ಹೇಳಿ” ಎಂದಳು ಪ್ರೇಮಕ್ಕ. “ಎತ್ತುವವರಿಗೆ ವಿಮೆ ಇದೆಯಾ?”

ಹರಿಹರ ತಲೆಯೆತ್ತಿ ನೋಡಿದ. “ಇದೆ ಅಮ್ಮ. ಎಲ್ಲರೂ ಟೀವಿಗೆ ಇದೆಯಾ, ಫ್ರಿಜ್ಜಿಗೆ ಇದೆಯಾ ಅಂತ ಕೇಳ್ತಾರೆ. ಎತ್ತೋರಿಗೆ ಕೇಳಿದ್ದು ನೀವೇ ಮೊದಲು.”

“ನನ್ನ ಹತ್ತಿರ ಟೀವಿ ಇಲ್ಲ” ಎಂದಳು. ಆ ಕಾಗದವನ್ನೂ ಓದಿದಳು. ಪಿಕಪ್ಪಿಗಿಂತ ಎಷ್ಟೋ ಹೆಚ್ಚು ಕೇಳಿದರು. ಚೌಕಾಸಿ ಮಾಡದೆ ಮುಂಗಡ ಕೊಟ್ಟು ಬಂದಳು.

ಸಾಗಿಸುವ ದಿನ ಬೆಳಿಗ್ಗೆ, ಸುದ್ದಿ ತಿಳಿದು, ಕೆರೆಕಟ್ಟೆ ಕಡೆಯ ಮೊದಲ ಬಸ್ಸಿನಿಂದ ಮಲ್ಲೇಶಪ್ಪ ಇಳಿದ. ಹೆಗಲ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ತಲೆಹೊರೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ. ಹಿಂದೆ ಹೆಂಡತಿ ಜಲಜಮ್ಮ, ಕೈಯಲ್ಲಿ ಕಡುಬಿನ ಪಾತ್ರೆ. ಓಣಿಗೆ ಬಂದು ನೋಡಿದರೆ ಅಂಗಡಿಯ ಮುಂದೆ ಮುಚ್ಚಿದ ಲಾರಿ. ಒಂದೇ ಬಣ್ಣದ ಅಂಗಿ ಹಾಕಿದ ನಾಲ್ಕು ಆಳು. ಮೆಷಿನ್ನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕಂಬಳಿಯಲ್ಲಿ ಸುತ್ತುತ್ತಿದ್ದರು.

ಮಲ್ಲೇಶಪ್ಪ ಹಗ್ಗ ಕೆಳಗಿಡಲಿಲ್ಲ. “ಇದೆಂತ ಪ್ರೇಮಾ? ಪೇಟೆಯಿಂದ ಆಳು ತರಿಸಿದ್ದೀಯ? ನಮ್ಮ ಕೈಗೆ ಎಂತ ಆಗಿದೆ?”

ಜಲಜಮ್ಮ ಪಾತ್ರೆಯ ಮುಚ್ಚಳ ಸರಿಮಾಡಿದಳು. ತಾನು ಏನು ಕೇಳಿದೆ ಎಂದು ಅವನಿಗೂ ತಡವಾಗಿ ಹೊಳೆಯಿತು. ಎಡಗೈ ಮೆಲ್ಲಗೆ ಹಗ್ಗದ ಸುರುಳಿಯ ಹಿಂದೆ ಹೋಯಿತು.

“ಎಂತ ಆಗಿಲ್ಲ ಮಲ್ಲೇಶಣ್ಣ” ಎಂದಳು ಪ್ರೇಮಕ್ಕ. “ಹೊಸ ಮನೆಯಲ್ಲಿ ಹಾಲು ಉಕ್ಕಿಸೋಕೆ ಜನ ಬೇಕು. ಅದಕ್ಕೆ ದುಡ್ಡು ಕೊಟ್ಟರೂ ಆಳು ಸಿಗಲ್ಲ.”

“ಹಾಲು ಉಕ್ಕಿಸೋದು ಹೆಂಗಸರ ಕೆಲಸ” ಎಂದು ಅವನು ಕೋಪದಿಂದ ಒಳಗೆ ಹೋಗಿ ಮೆಷಿನ್ನಿನ ಕಂಬಳಿ ಗಂಟಿಗೆ ಕೈಹಾಕಿದ.

ಹರಿಹರ ಅಡ್ಡ ಬಂದ. “ಯಜಮಾನ್ರೆ, ನೀವು ಮುಟ್ಟಬೇಡಿ.”

“ಯಾಕೆ, ಮೈಲಿಗೆಯಾ?”

“ಅಯ್ಯೋ, ಅಲ್ಲ. ನಿಮಗೇನಾದರೂ ಪೆಟ್ಟಾದರೆ ನಮ್ಮ ಪಾಲಿಸಿಯಲ್ಲಿ ನೀವಿಲ್ಲ.”

“ನಾನು ಯಾವ ಪಾಲಿಸಿಯಲ್ಲೂ ಇಲ್ಲ ಮಾರಾಯ. ಇಲ್ಲಿವರೆಗೆ ಬದುಕಿಲ್ವಾ?”

“ಬದುಕಿದ್ದೀರಿ” ಎಂದಳು ಜಲಜಮ್ಮ ಬಾಗಿಲಿನಿಂದ. “ಈ ಕಡೆ ಬಂದು ಕೂತು ಬದುಕಿ.”

ಅವನು ಹೊರಗೆ ಬಂದು ಎದುರಿನ ಜಗುಲಿಯ ಮೇಲೆ ಕೂತ. ಹಗ್ಗ ತೊಡೆಯ ಮೇಲಿತ್ತು. ಲಾರಿಯಲ್ಲಾದರೂ ಕೂರಬಹುದೇ ಎಂದು ಒಮ್ಮೆ ಕೇಳಿದ, ಅದೂ ಆಗದು ಎಂದರು. ಪ್ರೇಮಕ್ಕ ತಂದುಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ಆರಿದ ಕಾಫಿಯ ಮೇಲೆ ಕೆನೆ ಕಟ್ಟುವುದನ್ನು ಅವಳು ಬಾಗಿಲಿನಿಂದ ನೋಡಿದಳು. ಎತ್ತದ ಹಾಗೆ ಮಾಡಿದ್ದೇನೋ ಆಯಿತು, ಮನುಷ್ಯನೇ ಕೈತಪ್ಪಿದನಲ್ಲ ಅನ್ನಿಸಿತು.

ಕೊನೆಗೆ ಉಳಿದದ್ದು ಹಲಸಿನ ಮೇಜು. ನಾಲ್ವರು ಎತ್ತಿ ಬಾಗಿಲಿಗೆ ಓರೆ ಮಾಡುವಾಗ, ಹಿಂದಿನ ತುದಿ ಹಿಡಿದಿದ್ದ ನವೀನ ಎಂಬವನ ಕೈ ಮೇಜಿಗೂ ದಾರಂದಕ್ಕೂ ನಡುವೆ ಸಿಕ್ಕಿತು. ಅವನು ಕೂಗಲಿಲ್ಲ, ಉಸಿರೆಳೆದುಕೊಂಡ. ಆ ಉಸಿರಿನ ಸದ್ದಿಗೇ ಮಲ್ಲೇಶಪ್ಪ ಜಗುಲಿಯಿಂದ ಎದ್ದು ನಿಂತ.

ಮೇಜು ಕೆಳಗಿಳಿಯಿತು, ಕೆಲಸ ನಿಂತಿತು. ಎರಡು ಬೆರಳು ಜಜ್ಜಿ ರಕ್ತ ಸುರಿಯುತ್ತಿತ್ತು. ಹರಿಹರ ಲಾರಿಯಿಂದ ಔಷಧಿ ಡಬ್ಬ ತಂದು ಬಟ್ಟೆ ಸುತ್ತಿ, ಆಟೋ ಕರೆಸಿ, ನವೀನನನ್ನು ಇನ್ನೊಬ್ಬ ಆಳಿನ ಜೊತೆ ಆಸ್ಪತ್ರೆಗೆ ಕಳಿಸಿದ. ಆಮೇಲೆ ಮೊಬೈಲಿಗೆ ಸಿಗ್ನಲ್ ಸಿಗುವ ಓಣಿಯ ತುದಿಗೆ ಹೋಗಿ ಕಚೇರಿಗೆ ಫೋನು ಮಾಡಿದ. ಮಲ್ಲೇಶಪ್ಪ ಅವನ ಹಿಂದೆಯೇ ಹೋದ. ಪ್ರೇಮಕ್ಕನೂ ಹೋದಳು, ಜಗಳವಾದೀತು ಎಂಬ ಹೆದರಿಕೆಯಿಂದ.

ಫೋನು ಮುಗಿದ ಮೇಲೆ ಮಲ್ಲೇಶಪ್ಪ ಕೇಳಿದ: “ಎಲ್ಲಿ ಬಿದ್ದ ಅಂತ ಹೇಳಿದಿರಿ?”

“ಯಾರು?”

“ನಿಮ್ಮ ಆಳು.”

“ಬಿದ್ದಿಲ್ವಲ್ಲ. ಈ ಬಾಗಿಲಲ್ಲಿ ಮೇಜು ಎತ್ತುವಾಗ ಕೈ ಸಿಕ್ಕಿತು ಅಂತ ಹೇಳಿದೆ.”

“ಹಾಗೇ ಹೇಳಿದಿರಾ?”

“ಆದದ್ದನ್ನೇ ಹೇಳಬೇಕು ಯಜಮಾನ್ರೆ.”

“ನಿಮ್ಮ ಮೇಲೆ ಕೇಸು ಬರಲ್ವಾ? ಈ ಪ್ರೇಮನ ಮೇಲೆ?”

ಹರಿಹರನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. “ಇವರ ಮೇಲೆ ಯಾಕೆ ಬರುತ್ತೆ? ಆಸ್ಪತ್ರೆ ಖರ್ಚು ಕಂಪನಿ ನೋಡಿಕೊಳ್ಳುತ್ತೆ. ಕೈ ವಾಸಿಯಾಗುವವರೆಗೆ ಅವನಿಗೆ ಕೂಲಿಯೂ ಬರುತ್ತೆ. ಅದಕ್ಕೇ ಅಲ್ವಾ ಪಾಲಿಸಿ ಮಾಡಿಸಿರೋದು.”

ಮಲ್ಲೇಶಪ್ಪ ಹಿಂತಿರುಗಿ ಬಂದು ಜಗುಲಿಯ ಮೇಲೆ ಕೂತ. ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡಿದ್ದ. ಆರಿದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದ.

ನವೀನ ಮರಳಿ ಬಂದಾಗ ಬಿಸಿಲು ಏರಿತ್ತು. ಬೆರಳುಗಳಿಗೆ ಬಿಳಿ ಬ್ಯಾಂಡೇಜು. ಮೂಳೆಗೆ ಏನೂ ಆಗಿಲ್ಲವಂತೆ, ಎಕ್ಸ್‌ರೇ ತೆಗೆಸಿದ್ದರು. ಹರಿಹರ ಅವನನ್ನು ಕೆಲಸಕ್ಕೆ ಬಿಡಲಿಲ್ಲ, ಜಗುಲಿಯ ಮೇಲೆ ಕೂರಿಸಿ, ಉಳಿದ ಮೂವರ ಜೊತೆ ತಾನೇ ಹಿಡಿದು ಮೇಜನ್ನು ಲಾರಿಗೆ ಏರಿಸಿದ. ಜಲಜಮ್ಮ ಬಾಳೆಲೆಯ ತುಂಡಿನಲ್ಲಿ ಕಡುಬು ಕೊಟ್ಟಳು. ಪೆಟ್ಟಾಗಿದ್ದು ಬಲಗೈ. ಎಡಗೈಯಲ್ಲಿ ತಿನ್ನಲು ಅವನು ಒದ್ದಾಡುತ್ತಿದ್ದುದನ್ನು ಕಂಡು ಮಲ್ಲೇಶಪ್ಪ ಎಲೆಯನ್ನು ಜಾರದ ಹಾಗೆ ಹಿಡಿದುಕೊಂಡ. ಹಾಗೆ ಕೈ ಚಾಚಿದಾಗ ಅಂಗಿಯ ತೋಳು ಸರಿದು, ಗಂಟುಗಟ್ಟಿದ ಮೂಳೆ ಕಂಡಿತು.

“ನಿಮ್ಮ ಕೈಗೆ ಏನಾಗಿತ್ತು ಅಣ್ಣ?” ಎಂದು ನವೀನ ಕೇಳಿದ.

ಪ್ರೇಮಕ್ಕ ಬಾಗಿಲಲ್ಲಿ ನಿಂತಿದ್ದಳು. ಉತ್ತರ ಅವಳಿಗೆ ಬಾಯಿಪಾಠ. ಜಲಜಮ್ಮನಿಗೂ.

ಮಲ್ಲೇಶಪ್ಪ ಲಾರಿಯ ಕಡೆ ನೋಡಿದ. “ಇದೇ ಮೇಜು” ಎಂದ. “ಕೆರೆಕಟ್ಟೆಯಿಂದ ಬರುವಾಗ ಟ್ರೈಲರಿನಲ್ಲಿ ಜಾರಿತು. ಮೆಷಿನ್ ಉಳಿಸೋಕೆ ಹೋಗಿ ಕೈ ಕೊಟ್ಟೆ.”

ಜಲಜಮ್ಮ ದೊಡ್ಡದಾಗಿ ಉಸಿರು ಬಿಟ್ಟಳು.

“ಅಂತೂ ನಮ್ಮ ಗದ್ದೆ ಅಂಚಿನ ಮೇಲಿನ ಅಪವಾದ ಕಳೀತು! ಪಾಪ, ಒಳ್ಳೆ ಅಂಚು ಅದು. ಇಷ್ಟು ವರ್ಷ ಬಂದವರೆಲ್ಲ ಅದಕ್ಕೇ ಬೈದದ್ದು. ನಾನೂ ಸೇರಿ ಬೈದಿದ್ದೇನೆ, ಇವರ ಮಾತಿಗೆ ಸಾಕ್ಷಿ ಇರಲಿ ಅಂತ.”

ನವೀನ ನಕ್ಕ. ಮಲ್ಲೇಶಪ್ಪನೂ ನಕ್ಕ. ಪ್ರೇಮಕ್ಕನಿಗೆ ನಗು ಬರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಖಾಲಿ ಅಂಗಡಿಯ ನಡುವೆ ನಿಂತಳು. ಗೋಡೆಯ ಮೇಲೆ ಮೇಜು ಒರಗಿದ್ದ ಗುರುತು, ನೆಲದ ಮೇಲೆ ಮೆಷಿನ್ನಿನ ಕಾಲುಗಳ ಗುರುತು. ಹೊರಗೆ ಬಂದಾಗ ಕೊರಳಲ್ಲಿದ್ದ ಟೇಪು ಅವಳ ಕೈಯಲ್ಲಿತ್ತು.

ಲಾರಿಯ ಬಾಗಿಲು ಮುಚ್ಚಿ ಬೀಗ ಹಾಕಿದರು. ನವೀನನನ್ನು ಚಾಲಕನ ಪಕ್ಕದ ಸೀಟಿನಲ್ಲಿ ಕೂರಿಸಿದರು. “ನಿಮ್ಮ ಹೊಸ ಮನೆ ಬಾಗಿಲಲ್ಲಿ ಕಾಯ್ತೇವೆ, ನೀವು ಬಸ್ಸಲ್ಲಿ ನಿಧಾನ ಬನ್ನಿ” ಎಂದು ಹೇಳಿ ಹರಿಹರ ಹೊರಟ. ಮೂವರೂ ನಿಲ್ದಾಣಕ್ಕೆ ನಡೆದರು. ನರಸಿಂಹರಾಜಪುರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಬರುತ್ತೀರೋ ಇಲ್ಲವೋ ಎಂದು ಪ್ರೇಮಕ್ಕ ಕೇಳಲಿಲ್ಲ, ಮಲ್ಲೇಶಪ್ಪನೂ ಹೇಳಲಿಲ್ಲ. ಹಗ್ಗದ ಸುರುಳಿಯನ್ನು ಕಲ್ಲುಬೆಂಚಿನ ಕೆಳಗೆ ತಳ್ಳಿ ಕೂತ.

“ಹಾಲು ಎಲ್ಲಿಂದ ತರೋದು?” ಎಂದು ಕೇಳಿದ. “ಪೇಟೆ ಪ್ಯಾಕೆಟ್ಟಿನ ಹಾಲು ಉಕ್ಕುತ್ತಾ?”

“ಉಕ್ಕುತ್ತೆ” ಎಂದಳು ಪ್ರೇಮಕ್ಕ. “ಕೈ ಕೊಡಿ ಮಲ್ಲೇಶಣ್ಣ.”

ಅವನು ಅವಳ ಕೈಯಲ್ಲಿದ್ದ ಟೇಪು ನೋಡಿದ, ಸುತ್ತ ಕೂತಿದ್ದ ಜನರನ್ನು ನೋಡಿದ. ಆಮೇಲೆ ಎಡತೋಳಿನ ಗುಂಡಿ ಬಿಚ್ಚಿ ಕೈ ಚಾಚಿದ. ಅವಳು ಭುಜದಿಂದ ಮಣಿಕಟ್ಟಿನವರೆಗೆ ಟೇಪು ಇಳಿಬಿಟ್ಟು ಅಳೆದಳು. ಬಲಗೈಯನ್ನೂ ಅಳೆದಳು. ಮತ್ತೆ ಎಡಗೈಗೆ ಬಂದು ಇನ್ನೊಮ್ಮೆ ಅಳೆದಳು.

“ಎರಡು ಬೆರಳಲ್ಲ” ಎಂದಳು. “ಎರಡೂವರೆ.”

“ಹಾಗಾದರೆ ಇಷ್ಟು ವರ್ಷ ತಪ್ಪು ಹೊಲಿದಿದ್ದೀಯ!”

“ನೀವು ಕೈ ಕೊಟ್ಟಿದ್ದರೆ ತಾನೆ?”

“ನೋಡು ಜಲಜಾ” ಎಂದು ಮಲ್ಲೇಶಪ್ಪ ಹೆಂಡತಿಯ ಕಡೆ ತಿರುಗಿದ. “ದೊಡ್ಡ ಟೈಲರಂತೆ ಇವಳು. ಶಿವಮೊಗ್ಗದವರು ಕರೆದಿದ್ದಾರಂತೆ.”

ಅವನು ಗುಂಡಿ ಹಾಕಿಕೊಳ್ಳಲು ಹೋಗಿ, ಬಿಸಿಲು ಜಾಸ್ತಿ ಎಂದು ಗೊಣಗುತ್ತ, ಎರಡೂ ತೋಳನ್ನು ಮೊಣಕೈವರೆಗೆ ಮಡಚಿಕೊಂಡ. ಬಸ್ಸು ಬಂತು.