ತನ್ನನ್ನೇ ಎಣಿಸಿಕೊಳ್ಳುವ ಫುಟ್‌ಪಾತ್

ಬೆಳಗಿನ ಆರು ಗಂಟೆ. ಕುವೆಂಪುನಗರದ ಪಾರ್ಕೊಂದರ ಪಕ್ಕ ಐವತ್ತಮೂರರ ಸಿದ್ದಪ್ಪಾಜಿ ಹಾರೆ ಹಿಡಿದು ನಿಂತಿದ್ದಾರೆ. ಹನ್ನೆರಡು ದಿನ ಮಂಡಿಯೂರಿ ಕೂರಿಸಿದ ಇಂಟರ್‌ಲಾಕ್ ಕಲ್ಲುಗಳನ್ನು ಇವತ್ತು ತಾವೇ ಕೀಳಬೇಕು. “ಕಣ್ಮುಚ್ಕೊಂಡು ಹಾಕಿದ್ದೀಯೇನಯ್ಯ? ಡಿಸೈನೇ ಇಲ್ಲ. ಅರ್ಧ ಕೆಂಪು, ಅರ್ಧ ಬೂದಿ ಅಂತ ಆರ್ಡರ್ರು. ಕಿತ್ತಾಕು” ಎಂದು ಸೂಪರ್‌ವೈಸರ್ ಮನೋಹರ್ ನಿನ್ನೆ ಹೇಳಿಹೋಗಿದ್ದಾರೆ.

ಡಿಸೈನು ಇದೆ. ಓದು ಬಾರದ ಸಿದ್ದಪ್ಪಾಜಿಗೆ ನಕ್ಷೆ ನೋಡಲು ಬರುವುದಿಲ್ಲ. ಊಟಕ್ಕೆ ಎದ್ದು ಬಂದರೆ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆಯುತ್ತದೆ. ಅದಕ್ಕೇ ಹನ್ನೊಂದು ವರ್ಷದಿಂದ, ಮುಂದೇನು ಎಂದು ಆಗಲೇ ಹಾಕಿದ ಸಾಲುಗಳನ್ನೇ ಕೇಳುತ್ತಾರೆ. ಬೂದಿ ಎಂದರೆ ಒಂದು, ಕೆಂಪು ಎಂದರೆ ಎರಡು. ಹಿಂದಿನ ಸಾಲೊಂದರ ಮೇಲೆ ಗುರುತಿಗೆ ಬೆಣಚುಕಲ್ಲು. ಅದು ಬೂದಿಯ ಮೇಲಿದ್ದರೆ ಮುಂದೆ ಹಾಕುವುದು ಒಂದೇ ಸಾಲು, ಕೆಂಪಿನ ಮೇಲಿದ್ದರೆ ಎರಡು. ಪ್ರತಿ ಸಲವೂ ಬಣ್ಣ ಬದಲು. ಬೆಣಚು ಒಂದು ಸಾಲು ಮುಂದಕ್ಕೆ. ಹೀಗೆ ಒಂದು ಬೂದಿ, ಎರಡು ಕೆಂಪು, ಎರಡು ಬೂದಿ, ಒಂದು ಕೆಂಪು, ಒಂದು ಬೂದಿ... ದಿನಕ್ಕೆ ಎಂಬತ್ತು ಚಿಲ್ಲರೆ ಸಾಲು.

“ಒಂದ್ಸಾಲು ತಪ್ಪುದ್ರೆ ಮುಂದಿಂದೆಲ್ಲ ಬೇರೆಯಾಗೋಯ್ತದೆ. ಹಿಂದೆ ನಜರ್‌ಬಾದ್ ಕೆಲಸದಲ್ಲಿ ನಲವತ್ತು ಸಾಲು ನಾನಾಗೇ ಕಿತ್ತಿದ್ದೆ ಕಣ್ರೀ, ಯಾರೂ ಹೇಳ್ದೇನೇ” ಎನ್ನುತ್ತಾರೆ ಸಿದ್ದಪ್ಪಾಜಿ.

ಹಾರೆಯ ಮೊನೆ ಸಂದಿಗೆ ಇಳಿಯುವಷ್ಟರಲ್ಲಿ ವಾಕಿಂಗ್ ಬಂದ ಗಣಿತದ ಉಪನ್ಯಾಸಕಿ ಭವ್ಯಶ್ರೀ ತಡೆದು ಕೇಳುತ್ತಾರೆ: ಯಾಕೆ? ಸಿದ್ದಪ್ಪಾಜಿ ಎಲ್ಲ ಹೇಳುತ್ತಾರೆ. ಆಕೆ ಬೆರಳು ಮಡಿಸುತ್ತ ಸಾಲು ಸಾಲೇ ನಡೆದುಹೋಗಿ, ತಿರುಗಿ ಬರುತ್ತಾರೆ.

“ಅಣ್ಣ, ಇದು ತನ್ನನ್ನ ತಾನೇ ಹೇಳ್ಕೊಳ್ಳೋ ಶ್ರೇಣಿ! ಒಂದೊಂದು ಬಣ್ಣ ಎಷ್ಟೆಷ್ಟು ಸಾಲು ಅಂತ ಎಣಿಸ್ತಾ ಹೋದ್ರೆ ಮತ್ತೆ ಇದೇ ಒಂದು, ಎರಡು, ಎರಡು, ಒಂದು ಬರುತ್ತೆ. ನಾನು ಎಂ.ಎಸ್ಸಿ.ಯಲ್ಲಿ ಓದಿದ್ದು. ನಿಮಗ್ಯಾರು ಹೇಳ್ಕೊಟ್ರು?”

“ಈ ಕಲ್ಲೇ ಕಣಮ್ಮ.”

ಅಷ್ಟರಲ್ಲಿ ಮನೋಹರ್ ಬೈಕು ನಿಲ್ಲಿಸುತ್ತಾರೆ. “ಗಣಿತ ಇರ್ಲಿ ಮೇಡಂ. ಅರ್ಧ ಅರ್ಧ ಇದ್ಯಾ?”

ಮನೋಹರ್, ಭವ್ಯಶ್ರೀ ಇಬ್ಬರೂ ಎಣಿಸುತ್ತಾರೆ. ಸಾವಿರ ಸಾಲಿನಲ್ಲಿ ಬೂದಿ ಐನೂರ ಎರಡು, ಕೆಂಪು ನಾನೂರ ತೊಂಬತ್ತೆಂಟು. ಮನೋಹರ್ ಮತ್ತೊಮ್ಮೆ ಎಣಿಸಿ ಬಂದು ಸಿದ್ದಪ್ಪಾಜಿಯ ಕೈಯಿಂದ ಹಾರೆ ಇಸಿದುಕೊಳ್ಳುತ್ತಾರೆ. “ಇರ್ಲಿ ಬುಡಪ್ಪ.”

“ಇನ್ನೂ ಉದ್ದ ಹೋದ್ರೂ ಇದೇ ಅರ್ಧ ಅರ್ಧ ಲೆಕ್ಕ ನಿಲ್ಲುತ್ತೆ ಅಂತ ಪ್ರಪಂಚದಲ್ಲಿ ಯಾರೂ ಸಾಬೀತು ಮಾಡಿಲ್ಲ” ಎನ್ನುತ್ತಾರೆ ಭವ್ಯಶ್ರೀ.

ಈಗ ದಂಗಾಗುವ ಸರದಿ ಸಿದ್ದಪ್ಪಾಜಿಯದು. “ಯಾರ್ಗೂ ಗೊತ್ತಿಲ್ವಾ? ಇಷ್ಟು ವರ್ಷ ನಂಬ್ಕಂಡು ಬಂದ್ಬುಟ್ನಲ್ಲವ್ವ! ಎಷ್ಟುದ್ದ ಹಾಕುದ್ರೆ ಗೊತ್ತಾದದು?”

“ಎಷ್ಟು ಹಾಕಿದ್ರೂ ಗೊತ್ತಾಗಲ್ಲ ಅಣ್ಣ. ಮುಂದಿನ ಸಾಲು ಇದ್ದೇ ಇರುತ್ತಲ್ಲ.”

ಸಿದ್ದಪ್ಪಾಜಿ ಮನೋಹರ್ ಕಡೆ ತಿರುಗುತ್ತಾರೆ. “ಸಾ, ಯಾರ ಮನೆ ಗೇಟೂ ಅಡ್ಡ ಬರ್ದಿರೋ ಒಂದು ಉದ್ದನೇ ರಸ್ತೆ ಕೊಡ್ಸಿ. ಲೆಕ್ಕ ತಪ್ಪುದ್ರೆ ತಪ್ಲಿ. ನಾನು ಸಾಲು ತಪ್ಪಲ್ಲ.”