ಬಡಿದು ನೋಡಿದ ಗಡಿಗೆ

ಕೌಜಲಗಿಯ ಕುಂಬಾರ ಕಾಕಾ ಹೋದ ಸಲ ಕೊಟ್ಟಿದ್ದ ಗಡಿಗೆಯನ್ನು ಇವತ್ತು ಅವರ ಮುಂದೆಯೇ ಹೆಮ್ಮೆಯಿಂದ ಇಟ್ಟೆ. ಒಳಗೆ ಸದ್ದಿಗೆ ಬಣ್ಣ ಬದಲಿಸುವ ದೀಪ ಕೂರಿಸಿದ್ದೆ. ಮೆಲ್ಲನೆ ಮಾತಾಡಿದರೆ ನೀಲಿ, ಜೋರು ಸದ್ದಾದರೆ ಕೆಂಪು; ಪ್ರೋಗ್ರಾಂ ನನ್ನದೇ.

ಕಾಕಾ ಬೆಳಕನ್ನು ನೋಡಲೇ ಇಲ್ಲ. ಬೆರಳ ಗೆಣ್ಣಿನಿಂದ ಗಡಿಗೆ ಬಡಿದು ಕಿವಿಗೊಟ್ಟರು. ದೀಪ ಕುಣಿಯಿತು, ಗಡಿಗೆಯ ದನಿ ಮಾತ್ರ ಒಡಕಾಗಿತ್ತು.

"ಒಡದೈತ್ರಿ ಇದು. ನಾವ ಸರಿ ಸುಟ್ಟಿಲ್ಲ, ತಪ್ಪಾತ್ರಿ. ಬ್ಯಾರೇದ ಕೊಡ್ತೇನಿ."

ದೀಪದ ವೈರ್ ತೂರಿಸಲೆಂದು ತೂತು ಕೊರೆಯುವಾಗ ಸೀಳಿದ್ದು ನಾನು. ಅಂಟು ಹಾಕಿ ಬಣ್ಣ ಬಳಿದು ಮುಚ್ಚಿದ್ದೂ ನಾನೇ.

"ಇರಲಿ ಬಿಡಿ ಕಾಕಾ" ಎಂದು ಅವರನ್ನು ಕ್ಷಮಿಸಿದೆ.

ಅವರು ಒಂದೊಂದನ್ನೇ ಬಡಿದು, ಗಣ್ಣೆಂದ ಗಡಿಗೆಯನ್ನು ಆರಿಸಿಕೊಟ್ಟರು.

ಈಗ ಘಟಪ್ರಭಾ ಸ್ಟೇಷನ್ನಿನಲ್ಲಿ ಕೂತಿದ್ದೇನೆ. ರೈಲು ಕೂಗಿದಾಗಲೆಲ್ಲ ಬಟ್ಟೆಚೀಲದೊಳಗೆ ಆ ಒಡಕು ಗಡಿಗೆ ಕೆಂಪಾಗುತ್ತಿದೆ.