ಎಣ್ಣೆಯಕ್ಕ ನೋಡದೇ ಹೇಳಿದ ಮಾತು

ಎಣ್ಣೆಯಕ್ಕನ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದದ್ದು ಇಷ್ಟು: "ಬಾಗಿಲು ಬಡಿದ್ರೂ ಅವಳಿಗೆ ಕೇಳಲ್ಲ. ಆಚೆ ಬೀದೀಲಿ ಹೊಲಿಗೆ ಮಿಷನ್ ಕೆಮ್ಮಿದ್ರೆ ಎದ್ದು ಕೂರ್ತಾಳೆ."

ಮಿಷನ್ ರಿಪೇರಿ ಅವಳ ಕಸುಬು. ಉದ್ದ ಮೂತಿಯ ಎಣ್ಣೆಡಬ್ಬಿ ಕೈಬಿಟ್ಟವಳಲ್ಲ. ಹೆಸರು ಬಂದದ್ದು ಅದರಿಂದಲೇ. ಮೇಲಿನ ಮಹಡಿಯಲ್ಲಿ ಒಂದೇ ಕೋಣೆ, ಕಿಟಕಿಯ ಬಳಿ ಬಿಚ್ಚಿಟ್ಟ ಮಿಷನ್ನುಗಳು. ಮಂಡಿನೋವು ಬಂದಮೇಲೆ ಅರ್ಧ ಕೆಲಸ ಫೋನಿನಲ್ಲೇ. ಮನೆಯಲ್ಲಿ ಹೊಲಿಯುವ ಮುನ್ನೂರು ಹೆಂಗಸರ ವಾಟ್ಸಾಪ್ ಗುಂಪೊಂದಿತ್ತು. ಅಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು.

ಒಮ್ಮೆ ಆ ಗುಂಪಿಗೆ ಮೂವರು ಹೊಸಬರು ಬಂದರು. ಮೂವರೂ ಒಂದೇ ಕಂಪನಿಯ ಮಿಷನ್ ಎಣ್ಣೆಯನ್ನು ಹೊಗಳಿದ್ದೇ ಹೊಗಳಿದ್ದು. ವರ್ಷಕ್ಕೊಂದು ಸಲ ಬಿಟ್ಟರೆ ಸಾಕಂತೆ, ಹತ್ತು ವರ್ಷದಿಂದ ಅದನ್ನೇ ಬಳಸುತ್ತಿದ್ದಾರಂತೆ. ಜೊತೆಗೆ ತಂತಮ್ಮ ಮಿಷನ್ನಿನ ಫೋಟೋ ಬೇರೆ. "ನೀವೇನಂತೀರಿ ಅಕ್ಕಾ?" ಎಂದು ಉಳಿದವರು ಕೇಳಿದರು. ಆ ಎಣ್ಣೆಯನ್ನು ಅವಳು ಕಣ್ಣಲ್ಲಿ ಕಂಡಿರಲಿಲ್ಲ. ಒಲೆಯ ಮೇಲೆ ಹಾಲಿತ್ತು, ಅವಸರ. "ಇಷ್ಟು ಜನ ಹೇಳ್ತಾರೆ ಅಂದ್ಮೇಲೆ ಒಳ್ಳೇದೇ ಇರ್ಬೇಕು" ಎಂದು ಬರೆದುಬಿಟ್ಟಳು.

ಎರಡು ತಿಂಗಳಿಗೆ ಕೆಳಗಿನ ಮನೆಯ ಸೊಸೆ ಮಿಷನ್ನಿನ ತಲೆ ಹೊತ್ತುಕೊಂಡು ಮೇಲೆ ಬಂದಳು. ಚಕ್ರ ಅಲ್ಲಾಡದು. ಒಳಗೆಲ್ಲ ಎಣ್ಣೆ ಅಂಟಾಗಿ ಕೂತಿತ್ತು.

"ನೀವು ಹೇಳಿದ್ರಿ ಅಂತ ಹಾಕ್ದೆ ಅಕ್ಕಾ. ಶಾಲೆ ಬಟ್ಟೆ ಇನ್ನೂ ನಲವತ್ತು ಜೊತೆ ಹೊಲೀಬೇಕು."

ಅಕ್ಕ ಫೋನು ತೆಗೆದು ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಳು. ಮೂರು ಮನೆ, ಮೂರು ಹೆಸರು. ಮೂರರಲ್ಲೂ ಸೂಜಿಗೆ ದಾರ ಪೋಣಿಸಿದ್ದು ಉಲ್ಟಾ ಕಡೆಯಿಂದ. ಹಾಗೆ ಪೋಣಿಸಿದರೆ ಆ ಮಿಷನ್ನಿನಲ್ಲಿ ಒಂದು ಹೊಲಿಗೆಯೂ ಬೀಳದು.

"ಹತ್ತು ವರ್ಷದಿಂದ ಏನು ಹೊಲೀತಿದಾರೆ ಇವರು, ಗಾಳೀನಾ?"

ಗುಂಪಿನಲ್ಲಿ ಕೇಳಿದಳು: "ತಂಗಿಯರೇ, ಒಂದು ಗೇಣು ಹೊಲಿದು ವಿಡಿಯೋ ಹಾಕಿ." ವಿಡಿಯೋ ಬರಲಿಲ್ಲ. ಎಣ್ಣೆ ಕಂಪನಿಯಿಂದ ಕರೆ ಬಂತು.

"ಮೇಡಂ, ಆ ಮೂವರೂ ನಮ್ಮ ಆಫೀಸಿನವರೇ. ದೊಡ್ಡದು ಮಾಡ್ಬೇಡಿ. ನಿಮಗೂ ತಿಂಗಳಿಗೊಂದು ಡಬ್ಬ ಕಳಿಸ್ತೀವಿ."

"ಬಾಯಿ ಮುಚ್ಚೋಕೆ ಎಣ್ಣೆ ಯಾಕಪ್ಪ? ಅದು ತಾನಾಗೇ ಮುಚ್ಚತ್ತೆ. ತೆರೆಯೋಕೇ ಕಷ್ಟ."

ಕಷ್ಟವೇ ಆಯಿತು. ಇನ್ನು ತನ್ನ ಮಾತಿಗೆ ಬೆಲೆ ಉಳಿಯದು ಎಂದುಕೊಂಡೇ ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದಳು. "ನೋಡದೇ ಹೇಳಿದ್ದು ನನ್ನ ತಪ್ಪು. ಯಾರ ಮಿಷನ್ ಕಚ್ಚಿಕೊಂಡಿದೆ ಹೇಳಿ, ಬರ್ತೀನಿ."

ಹನ್ನೊಂದು ಮನೆಯವರು ಕರೆದರು. ಸೊಸೆಯದನ್ನು ಮೊದಲು ಮುಗಿಸಿ, ಮಂಡಿ ಹಿಡಿದುಕೊಂಡೇ ಅಷ್ಟೂ ಮನೆಗಳಿಗೆ ಹೋಗಿ, ಸೀಮೆಎಣ್ಣೆಯಲ್ಲಿ ಅಂಟು ತೊಳೆದು ಚಕ್ರ ತಿರುಗಿಸಿಕೊಟ್ಟಳು. ಶಾಲೆಯ ಬಟ್ಟೆ ಹೊತ್ತಿಗೆ ಸರಿಯಾಗಿ ಮುಗಿಯಿತು. ಗುಂಪಿನಲ್ಲೀಗ ಯಾರು ಏನನ್ನು ಹೊಗಳಿದರೂ ಮೊದಲು ಹೊಲಿದ ತುಂಡು ತೋರಿಸಬೇಕು.

ಕೊನೆಯ ಮನೆಯಾಕೆ ಅವಳು ಕುಂಟುತ್ತ ಹೊರಟದ್ದನ್ನು ನೋಡಿ ತಡೆದಳು. "ನಮ್ಮ ಕೆಳಗಿನ ಕೋಣೆ ಖಾಲಿ ಇದೆ ಅಕ್ಕಾ, ಬೀದಿಗೇ ಬಾಗಿಲು. ಅಲ್ಲಿಗೇ ಬಂದುಬಿಡಿ, ನಮಗೂ ರಿಪೇರಿ ಕಲಿಸಿ."

"ನನ್ನ ಮಾತು ನಂಬ್ತೀರಾ ಇನ್ನೂ?"

"ನೋಡ್ಕೊಂಡೇ ಕಲೀತೀವಿ ಬಿಡಿ."

ಮನೆ ಬಿಡುವ ದಿನ ಸೊಸೆ ಮಿಷನ್ನುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಅಕ್ಕ ಬಾಗಿಲೆಳೆದರೆ ಅದು ಕಿರುಗುಟ್ಟಿತು. ಮುಂದೆ ಬರುವವರಿಗೆಂದು ಬಾಗಿಲಿನ ಕೀಲುಗಳಿಗೆ ಎರಡು ಹನಿ ಎಣ್ಣೆ ಬಿಟ್ಟು, ಮತ್ತೊಮ್ಮೆ ಎಳೆದು ನೋಡಿ, ಬೀಗ ಹಾಕಿ ಮೆಟ್ಟಿಲಿಳಿದಳು.